ಪಿಎಚ್‌ಡಿ ಪ್ರಕಟಣೆಗೆ ಕೊನೆಯ ದಿನಾಂಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಜೀವವಿಕಾಸ ಮತ್ತು ಆಣ್ವಿಕ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಅವಕಾಶಗಳ ಮಾಹಿತಿ ಉನ್ನತ ಶಿಕ್ಷಣದ ಪುಟಗಳಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಆದರೆ ಆ ಮಾಹಿತಿಯಲ್ಲಿ ಇರುವುದು ಸಾಮಾನ್ಯವಾಗಿ ಮೂರೇ ಸಂಗತಿ: ಸಂಸ್ಥೆಯ ಹೆಸರು, ಫೆಲೋಶಿಪ್ ಮೊತ್ತ, ಅರ್ಜಿಯ ಕೊನೆಯ ದಿನಾಂಕ. ಮುಂದಿನ ನಾಲ್ಕೈದು ವರ್ಷಗಳನ್ನು ಎಲ್ಲಿ, ಯಾವ ಪ್ರಶ್ನೆಯ ಬೆನ್ನುಹತ್ತಿ ಕಳೆಯಬೇಕೆಂದು ತೀರ್ಮಾನಿಸುವ ವಿದ್ಯಾರ್ಥಿಗೆ ಇಷ್ಟು ಸಾಲದು. ಈ ಕ್ಷೇತ್ರದಲ್ಲಿ ಪಿಎಚ್‌ಡಿ ಕೈಕೊಡುವುದು ವಿದ್ಯಾರ್ಥಿಯ ಬುದ್ಧಿ ಕಡಿಮೆಯಾಗಿ ಅಲ್ಲ. ಬಹಳಷ್ಟು ಸಲ ಕೈಕೊಡುವುದು ಸ್ಯಾಂಪಲ್, ಅಂದರೆ ಅಧ್ಯಯನಕ್ಕೆಂದು ಜೀವಿಗಳಿಂದ ಸಂಗ್ರಹಿಸಿದ ಅಂಗಾಂಶ, ರಕ್ತ, ಎಲೆಯಂಥ ಮಾದರಿ. ಅದು ಎಲ್ಲಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ, ಅನುಮತಿ ಯಾರ ಹೆಸರಿನಲ್ಲಿದೆ, ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲುದೇ ಎಂಬುದನ್ನು ಸೇರುವ ಮೊದಲು ವಿಚಾರಿಸಿಕೊಂಡವರಿಗೂ ಎರಡನೇ ವರ್ಷದಲ್ಲಿ ಅರಿತುಕೊಂಡವರಿಗೂ ಅಜಗಜಾಂತರವಿದೆ. ಆ ವಿಚಾರಣೆ ಹೇಗಿರಬೇಕು ಎಂದು ತಿಳಿಸಲು ಈ ಪತ್ರ.

ಜೀವವಿಕಾಸವೆಂದರೆ ಹಳೆಯ ಎಲುಬುಗಳ ಅಧ್ಯಯನ, ಆಣ್ವಿಕ ಪರಿಸರ ವಿಜ್ಞಾನವೆಂದರೆ ಡಿಎನ್‌ಎ ಯಂತ್ರ ನಡೆಸುವುದು ಎಂಬ ಕಲ್ಪನೆ ಇನ್ನೂ ಹೋಗಿಲ್ಲ. ಜೀವಿಗಳ ಒಂದು ಗುಂಪಿನಲ್ಲಿ ಆನುವಂಶಿಕ ವೈವಿಧ್ಯ ಎಷ್ಟಿದೆ, ಅದು ಹೇಗೆ ಉಳಿಯುತ್ತದೆ, ಹೇಗೆ ಕರಗುತ್ತದೆ, ಅದರಲ್ಲಿ ನೈಸರ್ಗಿಕ ಆಯ್ಕೆಯ ಪಾಲೆಷ್ಟು, ಬರೀ ಆಕಸ್ಮಿಕದ ಪಾಲೆಷ್ಟು ಎಂಬುದು ಮೊದಲನೆಯದರ ಪ್ರಶ್ನೆ. ಯಾವ ಪ್ರಾಣಿ ಎಲ್ಲಿಂದ ಬಂತು, ಯಾರ ಮರಿ ಯಾವುದು, ಅದು ತಿಂದದ್ದೇನು, ಈ ಹೊಳೆಯಲ್ಲಿ ಯಾವ ಮೀನುಗಳಿವೆ ಎಂಬಂಥ ಪ್ರಶ್ನೆಗಳಿಗೆ ಡಿಎನ್‌ಎ ಮೂಲಕ ಉತ್ತರ ಹುಡುಕುವುದು ಎರಡನೆಯದು. 1966ರಲ್ಲಿ ರಿಚರ್ಡ್ ಲೆವಾಂಟಿನ್ ಮತ್ತು ಜಾನ್ ಹಬ್ಬಿ ಹಣ್ಣುನೊಣದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಓಡಿಸಿ, ಒಂದೇ ಪ್ರಭೇದದೊಳಗೆ ಯಾರೂ ಊಹಿಸದಷ್ಟು ವೈವಿಧ್ಯ ಅಡಗಿದೆ ಎಂದು ತೋರಿಸಿದರು. ಎರಡು ವರ್ಷದ ನಂತರ ಮೋಟೂ ಕಿಮುರಾ, ಅಣುಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಜೀವಿಗೆ ಒಳಿತನ್ನೂ ಮಾಡದ ಕೆಡುಕನ್ನೂ ಮಾಡದ ತಟಸ್ಥ ಬದಲಾವಣೆಗಳು ಎಂದರು. ಆಮೇಲೆ ಡಿಎನ್‌ಎ ತುಣುಕಿನ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡುವ ಪಿಸಿಆರ್ ಬಂತು, ಡಿಎನ್‌ಎಯಲ್ಲಿ ಮರುಕಳಿಸುವ ಚಿಕ್ಕ ತುಣುಕುಗಳನ್ನು ಗುರುತಾಗಿ ಬಳಸುವ ಮೈಕ್ರೋಸ್ಯಾಟಲೈಟ್ ಬಂತು, ಈಗ ಇಡೀ ಜೀನೋಮನ್ನೇ, ಅಂದರೆ ಜೀವಿಯ ಸಂಪೂರ್ಣ ಡಿಎನ್‌ಎಯನ್ನೇ ಓದುತ್ತಿದ್ದೇವೆ. ಯಂತ್ರಗಳು ಹತ್ತು ವರ್ಷಕ್ಕೊಮ್ಮೆ ಬದಲಾಗಿವೆ, ಲೆವಾಂಟಿನ್ ಮತ್ತು ಕಿಮುರಾ ಎತ್ತಿದ ಪ್ರಶ್ನೆಗಳು ಹಾಗೇ ನಿಂತಿವೆ. ಆದ್ದರಿಂದ ಪ್ರಕಟಣೆಯ ಅರ್ಧಭಾಗ ಲ್ಯಾಬ್‌ನಲ್ಲಿರುವ ಯಂತ್ರಗಳ ವರ್ಣನೆಯೇ ಆಗಿದ್ದು, ಪ್ರಶ್ನೆ ಯಾವುದೆಂದು ಎರಡು ಸಾಲು ಇಲ್ಲದಿದ್ದರೆ ಅನುಮಾನಪಡುವುದು ತಪ್ಪಲ್ಲ.

ಅವಕಾಶಗಳು ಎರಡು ಬಗೆ. ಯುರೋಪಿನ ಬಹಳಷ್ಟು ಕಡೆ ಪಿಎಚ್‌ಡಿ ಎಂದರೆ ಒಂದು ಹುದ್ದೆ: ಯೋಜನೆ ಮೊದಲೇ ಬರೆದಿರುತ್ತದೆ, ಹಣ ಮೂರು ಅಥವಾ ನಾಲ್ಕು ವರ್ಷಕ್ಕೆ ಮಂಜೂರಾಗಿರುತ್ತದೆ, ಸ್ನಾತಕೋತ್ತರ ಪದವಿ ಬೇಕೇ ಬೇಕು, ಪ್ರಕಟಣೆ ವರ್ಷದ ಯಾವ ತಿಂಗಳಲ್ಲೂ ಬರಬಹುದು. ಅಮೆರಿಕದಲ್ಲಿ ಸೇರುವುದು ವಿಭಾಗಕ್ಕೆ. ಐದಾರು ವರ್ಷದ ಅವಧಿ, ಮೊದಲ ಒಂದೆರಡು ವರ್ಷ ತರಗತಿಗಳು, ನಂತರ ಅರ್ಹತಾ ಪರೀಕ್ಷೆ, ಜೊತೆಗೆ ಬೋಧನಾ ಸಹಾಯಕರ ಕೆಲಸ. ಅಲ್ಲಿ ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಆದರೆ ಪರಿಸರ ಮತ್ತು ವಿಕಾಸ ವಿಭಾಗಗಳಲ್ಲಿ ಒಬ್ಬ ಪ್ರಾಧ್ಯಾಪಕರು ಮೊದಲೇ ಒಪ್ಪದಿದ್ದರೆ ಅರ್ಜಿ ಮುಂದೆ ಹೋಗುವುದು ಕಷ್ಟ, ಹಾಗಾಗಿ ಅವರಿಗೆ ಪತ್ರ ಬರೆಯಬೇಕಾದದ್ದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲೇ. ಇವೆರಡರ ನಡುವಿನ ದಾರಿಯೂ ಇದೆ. ಜರ್ಮನಿಯ ಪ್ಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಜೀವವಿಕಾಸ ಸಂಸ್ಥೆಯಂಥ ಕಡೆ ಸಂಶೋಧನಾ ಶಾಲೆಯ ಮೂಲಕ ಆಯ್ಕೆ ನಡೆಯುತ್ತದೆ.

ಎರಡು ನಿಯಮಗಳನ್ನು ತಿಳಿಯದೆ ಕೈಸುಟ್ಟುಕೊಳ್ಳುವವರಿದ್ದಾರೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗೆ ನೇಮಕವಾಗುವ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ಎರಡು ವರ್ಷದ ಮಾಸ್ಟರ್ಸ್ ಆಗಷ್ಟೇ ಮುಗಿಸಿದ ದೇಶದಲ್ಲೇ ಇಂಥ ಹುದ್ದೆಗೆ ಅರ್ಜಿ ಹಾಕಿದರೆ ಯೋಗ್ಯತೆ ಎಷ್ಟಿದ್ದರೂ ಅನರ್ಹರಾಗುತ್ತಾರೆ. ಇನ್ನೊಂದು ಅಮೆರಿಕದ್ದು. ಅಲ್ಲಿನ ಸ್ನಾತಕೋತ್ತರ ಶಾಲೆಗಳ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಕೊಡುಗೆಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಕೊಡಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಫೆಬ್ರುವರಿಯಲ್ಲಿ ‘ಮೂರು ದಿನದೊಳಗೆ ಹೇಳಿ’ ಎಂದು ಒತ್ತಡ ಬಂದಾಗ ಈ ದಿನಾಂಕ ನೆನಪಿನಲ್ಲಿದ್ದರೆ ಧೈರ್ಯವಾಗಿ ಸಮಯ ಕೇಳಬಹುದು.

ಇನ್ನು ಕಾಲದ ಲೆಕ್ಕ. ಮೂರು ವರ್ಷದ ಹುದ್ದೆ ಎಂದಾಗ ಮೂರು ಕ್ಷೇತ್ರಕಾರ್ಯದ ಋತುಗಳು ಸಿಗುತ್ತವೆ ಎಂದುಕೊಳ್ಳುವುದು ಸಹಜ. ಹಾಗಾಗುವುದಿಲ್ಲ. ಅಧ್ಯಯನದ ಕಪ್ಪೆಯೋ ಹಕ್ಕಿಯೋ ವರ್ಷದಲ್ಲಿ ಆರು ವಾರ ಮಾತ್ರ ಸಂತಾನೋತ್ಪತ್ತಿ ಮಾಡುವುದಾದರೆ, ಸೇರಿದ ಮೊದಲ ವರ್ಷದ ಆರು ವಾರ ಅನುಮತಿ ಪತ್ರ ಕಾಯುವುದರಲ್ಲೇ ಹೋಗುತ್ತದೆ. ಮೂರನೇ ವರ್ಷ ಸಂಗ್ರಹಿಸಿದ್ದನ್ನು ಸೀಕ್ವೆನ್ಸ್ ಮಾಡಿಸಿ (ಡಿಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿ), ವಿಶ್ಲೇಷಿಸಿ, ಪ್ರಬಂಧ ಬರೆಯಲು ಸಮಯ ಉಳಿಯುವುದಿಲ್ಲ. ನಿಜವಾಗಿ ಕೈಗೆ ಸಿಗುವುದು ಒಂದೇ ಋತು. ಆ ವರ್ಷ ಮಳೆ ಹದಿನೈದು ದಿನ ತಡವಾದರೆ ಮುಗಿಯಿತು. ಹಾಗಾಗಿ ಮಾರ್ಗದರ್ಶಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಾನು ಸೇರುವ ದಿನ ಫ್ರೀಜರ್‌ನಲ್ಲಿ ಏನಿರುತ್ತದೆ? ಕನಿಷ್ಠ ಒಂದು ಅಧ್ಯಾಯಕ್ಕಾಗುವಷ್ಟು ಸ್ಯಾಂಪಲ್ ಅಥವಾ ಡೇಟಾ ಈಗಾಗಲೇ ಕೈಯಲ್ಲಿದ್ದರೆ ಯೋಜನೆ ಸುಭದ್ರ. ಎಲ್ಲ ಅಧ್ಯಾಯಗಳೂ ಇನ್ನೂ ಹಿಡಿಯಬೇಕಾದ ಪ್ರಾಣಿಯ ಮೇಲೆ ನಿಂತಿದ್ದರೆ, ಮೊದಲನೆಯದು ಬಿದ್ದಾಗ ಉಳಿದವೂ ಬೀಳುತ್ತವೆ.

ಫ್ರೀಜರ್‌ನ ಬೆಲೆ ಏನೆಂಬುದಕ್ಕೆ ರಿಚರ್ಡ್ ಲೆನ್‌ಸ್ಕಿ 1988ರಲ್ಲಿ ಆರಂಭಿಸಿದ ಇ. ಕೋಲೈ ಬ್ಯಾಕ್ಟೀರಿಯಾದ ಪ್ರಯೋಗವನ್ನು ನೋಡಬೇಕು. ಒಂದೇ ಮೂಲದ ಹನ್ನೆರಡು ತಂಡಗಳನ್ನು ದಿನದಿನವೂ ಹೊಸ ದ್ರಾವಣಕ್ಕೆ ವರ್ಗಾಯಿಸುತ್ತ ಬಂದಿದ್ದಾರೆ, ಪ್ರತಿ 500 ತಲೆಮಾರಿಗೆ ಒಂದಿಷ್ಟನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಒಂದು ತಂಡ ಆಮ್ಲಜನಕವಿದ್ದಾಗಲೂ ದ್ರಾವಣದಲ್ಲಿದ್ದ ಸಿಟ್ರೇಟ್ ಎಂಬ ರಾಸಾಯನಿಕವನ್ನು ತಿನ್ನಲು ಕಲಿತಿತು, ಸಾಮಾನ್ಯ ಇ. ಕೋಲೈಗೆ ಇದು ಆಗದು. ಇದು ಒಂದೇ ಏಟಿಗೆ ಆದ ಅದೃಷ್ಟವೋ, ಹಿಂದಿನ ಬದಲಾವಣೆಗಳು ದಾರಿ ಮಾಡಿಕೊಟ್ಟಿದ್ದವೋ? ಹಳೆಯ ಸೀಸೆಗಳನ್ನು ಕರಗಿಸಿ ಆಟವನ್ನು ಮತ್ತೆ ಮೊದಲಿಂದ ಆಡಿಸಿಯೇ ಇದಕ್ಕೆ ಉತ್ತರ ಹುಡುಕಿದರು: ನಂತರದ ತಲೆಮಾರುಗಳಿಂದ ಶುರುಮಾಡಿದಾಗ ಮಾತ್ರ ಆ ಗುಣ ಮತ್ತೆ ಕಾಣಿಸಿಕೊಂಡಿತು, ಅಂದರೆ ದಾರಿ ಮೊದಲೇ ಸಿದ್ಧವಾಗಿತ್ತು. ಗಲಪಗೋಸ್‌ನ ಡಾಫ್ನೆ ಮೇಜರ್ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ 1973ರಿಂದ ದಶಕಗಳ ಕಾಲ ಫಿಂಚ್ ಹಕ್ಕಿಗಳ ಕೊಕ್ಕನ್ನು ಅಳೆದರು. 1977ರ ಬರದಲ್ಲಿ ದೊಡ್ಡ ಕೊಕ್ಕಿನವು ಹೆಚ್ಚಾಗಿ ಬದುಕುಳಿದುದನ್ನು ಕಣ್ಣಾರೆ ದಾಖಲಿಸಿದರು. ಇಂಥ ದೀರ್ಘಕಾಲದ ದಾಖಲೆಯಿರುವ ಗುಂಪಿಗೆ ಸೇರುವ ವಿದ್ಯಾರ್ಥಿ ಮೊದಲ ದಿನವೇ ಇತರರಿಗಿಂತ ಹತ್ತು ವರ್ಷ ಮುಂದಿರುತ್ತಾನೆ ಅಥವಾ ಮುಂದಿರುತ್ತಾಳೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕಿಂತ ಇದು ದೊಡ್ಡ ಸಂಪತ್ತು.

ಪ್ರಶ್ನೆಗೂ ಜೀವಿಗೂ ಹೊಂದಾಣಿಕೆ ಇದೆಯೇ ಎಂಬುದನ್ನು ವಿದ್ಯಾರ್ಥಿ ಸ್ವತಃ ಲೆಕ್ಕ ಹಾಕಬಹುದು, ಅದಕ್ಕೆ ಕಾಗದ ಪೆನ್ನು ಸಾಕು. ‘ಕಾಡು ತುಂಡಾದದ್ದರಿಂದ ಆನುವಂಶಿಕ ವೈವಿಧ್ಯದ ಮೇಲಾದ ಪರಿಣಾಮ’ ಎಂಬ ಮಾದರಿಯ ಶೀರ್ಷಿಕೆಗಳು ಬಹಳ ಬರುತ್ತವೆ. ಪ್ರತ್ಯೇಕವಾದ ಗುಂಪಿನಲ್ಲಿ ಪ್ರತಿ ತಲೆಮಾರಿಗೆ ಕರಗುವ ವೈವಿಧ್ಯದ ಪಾಲು, ಒಂದನ್ನು ಪರಿಣಾಮಕಾರಿ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದಷ್ಟು. ಪರಿಣಾಮಕಾರಿ ಸಂಖ್ಯೆ ಎಂದರೆ ತಲೆ ಎಣಿಕೆಯಲ್ಲ. ಮುಂದಿನ ತಲೆಮಾರಿಗೆ ಜೀನ್‌ಗಳನ್ನು ದಾಟಿಸುವ ಲೆಕ್ಕದಲ್ಲಿ ಆ ಗುಂಪು ಎಷ್ಟು ಜೀವಿಗಳಿಗೆ ಸಮ ಎಂಬುದು. ಅದು 50 ಇದ್ದರೆ ತಲೆಮಾರಿಗೆ ನೂರರಲ್ಲಿ ಒಂದು ಪಾಲು ಹೋಗುತ್ತದೆ. ಕಾಡು ತುಂಡಾಗಿ 80 ವರ್ಷವಾಗಿದೆ ಎನ್ನೋಣ. ಅಧ್ಯಯನದ ಮರದ ತಲೆಮಾರು 40 ವರ್ಷದ್ದಾದರೆ ಕಳೆದಿರುವುದು ಎರಡೇ ತಲೆಮಾರು, ಕರಗಿರುವುದು ಶೇ 2. ಹದಿನೈದಿಪ್ಪತ್ತು ಮರಗಳ ಎಲೆ ತಂದು ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವುದು ಅಸಾಧ್ಯವೆಂದೇ ಹೇಳಬೇಕು. ಅದರಲ್ಲೂ ಎಲೆ ಕಿತ್ತದ್ದು ಹಳೆಯ ದೊಡ್ಡ ಮರಗಳಿಂದಾದರೆ ಅವು ಕಾಡು ತುಂಡಾಗುವ ಮೊದಲೇ ಮೊಳೆತವು, ಅವುಗಳಲ್ಲಿ ಪರಿಣಾಮ ಇರಲು ಸಾಧ್ಯವೇ ಇಲ್ಲ. ಅದೇ ಕಾಡಿನಲ್ಲಿ ಎರಡು ವರ್ಷಕ್ಕೊಂದು ತಲೆಮಾರಿನ ಕಪ್ಪೆಯನ್ನು ತೆಗೆದುಕೊಳ್ಳಿ: 40 ತಲೆಮಾರು ಆಗಿದೆ, ವೈವಿಧ್ಯದ ಸುಮಾರು ಮೂರನೇ ಒಂದು ಪಾಲು ಹೋಗಿದೆ, ಅಳತೆಗೆ ಸಿಗುತ್ತದೆ.

ಮರದ ಯೋಜನೆ ಮಾಡಲೇಬಾರದು ಎಂದಲ್ಲ. ದೊಡ್ಡ ಮರ ಮತ್ತು ಸಸಿಗಳನ್ನು ಬೇರೆಬೇರೆಯಾಗಿ ಹೋಲಿಸಿದರೆ, ಪರಾಗ ಎಷ್ಟು ದೂರ ಹೋಗುತ್ತಿದೆ ಎಂದು ಕೇಳಿದರೆ ಅದೇ ಜಾಗದಲ್ಲಿ ಒಳ್ಳೆಯ ಪ್ರಬಂಧ ಹುಟ್ಟುತ್ತದೆ. ಆದರೆ ಈ ಲೆಕ್ಕ ಹಾಕದೆ ಹೊರಟವರು ಮೂರು ವರ್ಷದ ಕೊನೆಗೆ ‘ಪರಿಣಾಮ ಕಂಡುಬರಲಿಲ್ಲ’ ಎಂದು ಬರೆಯುತ್ತಾರೆ, ಓದಿದವರು ಕಾಡು ತುಂಡಾದರೆ ಏನೂ ಆಗುವುದಿಲ್ಲ ಎಂದು ತಿಳಿಯುತ್ತಾರೆ. ವಿದ್ಯಾರ್ಥಿಗೆ ಆಗುವ ನಷ್ಟಕ್ಕಿಂತ ಇದು ದೊಡ್ಡ ಅನ್ಯಾಯ. ಇಂದು ಸ್ಲಿಮ್, ಎಂಎಸ್‌ಪ್ರೈಮ್‌ನಂಥ ಉಚಿತ ತಂತ್ರಾಂಶಗಳಿಂದ ಕ್ಷೇತ್ರಕ್ಕೆ ಕಾಲಿಡುವ ಮೊದಲೇ ಕಂಪ್ಯೂಟರ್‌ನಲ್ಲಿ ಅಂಥ ಗುಂಪನ್ನು ಸೃಷ್ಟಿಸಿ, ಇಷ್ಟು ಸ್ಯಾಂಪಲ್ ತಂದರೆ ಪರಿಣಾಮ ಕಾಣುತ್ತದೆಯೇ ಎಂದು ಪರೀಕ್ಷಿಸಬಹುದು. ಎರಡು ವಾರದ ಕೆಲಸ. ಸಂದರ್ಶನದಲ್ಲಿ ‘ಈ ಯೋಜನೆಗೆ ಅಂಥ ಪರೀಕ್ಷೆ ಆಗಿದೆಯೇ’ ಎಂದು ವಿನಯದಿಂದ ಕೇಳುವ ಅಭ್ಯರ್ಥಿಯನ್ನು ಯಾವ ಒಳ್ಳೆಯ ಮಾರ್ಗದರ್ಶಕರೂ ಬಿಟ್ಟುಕೊಡುವುದಿಲ್ಲ.

ಸಂಖ್ಯೆಯ ಬಗ್ಗೆ ಇನ್ನೊಂದು ಮಾತು. ಒಂದೇ ಹೊಂಡದಿಂದ ನೂರು ಗೊದಮೊಟ್ಟೆ ತಂದರೆ ಸ್ಯಾಂಪಲ್ ನೂರಾಯಿತು ಎಂದುಕೊಳ್ಳಬಾರದು. ಅವು ಎರಡು ಮೂರು ತಾಯಂದಿರ ಒಡಹುಟ್ಟಿದವುಗಳಾಗಿರಬಹುದು. ಪ್ರತಿ ಹೊಂಡದಲ್ಲೂ ಹೀಗಾದರೆ, ಹೊಂಡ ಹೊಂಡಕ್ಕೂ ಭಾರೀ ವ್ಯತ್ಯಾಸವಿದ್ದಂತೆ ಕಾಣುತ್ತದೆ; ಕಂಡದ್ದು ಕುಟುಂಬಗಳ ವ್ಯತ್ಯಾಸ, ಹೊಂಡಗಳದ್ದಲ್ಲ. ಎತ್ತರಕ್ಕೆ ಹೊಂದಿಕೊಂಡ ಜೀನ್ ಹುಡುಕುವವರಿಗೂ ಇದೇ ಎಚ್ಚರಿಕೆ. ಒಂದು ಬೆಟ್ಟದ ಬುಡದಿಂದ 50, ತುದಿಯಿಂದ 50 ತಂದರೂ ಪುನರಾವರ್ತನೆ ಒಂದೇ, ಏಕೆಂದರೆ ಬೆಟ್ಟ ಒಂದೇ. ಸ್ಟಿಕಲ್‌ಬ್ಯಾಕ್ ಮೀನಿನ ಅಧ್ಯಯನಗಳು ಅಷ್ಟು ಗಟ್ಟಿಯಾಗಿ ನಿಂತಿರುವುದು ಕಡಲಿನಿಂದ ಬೇರೆಬೇರೆ ಸಿಹಿನೀರ ಕೆರೆಗಳಿಗೆ ಹೋದ ಗುಂಪುಗಳಲ್ಲಿ ಅದೇ ಬದಲಾವಣೆ ಮತ್ತೆ ಮತ್ತೆ ಕಂಡುಬಂದದ್ದರಿಂದ.

ಸ್ಯಾಂಪಲ್ ತರುವ, ಕಾಪಾಡುವ ವಿಧಾನದಲ್ಲಿ ಆಗುವ ತಪ್ಪುಗಳು ಚಿಕ್ಕವು, ಆದರೆ ಸರಿಪಡಿಸಲಾಗದವು. ಅಂಗಾಂಶದ ತುಂಡು ಅಕ್ಕಿಕಾಳಿನಷ್ಟಿದ್ದರೆ ಸಾಕು. ಡಿಎನ್‌ಎ ಬೇರ್ಪಡಿಸುವ ಸಾಮಾನ್ಯ ಕಿಟ್‌ಗಳು ಒಂದು ಸಲಕ್ಕೆ 25 ಮಿಲಿಗ್ರಾಂವರೆಗೆ ಮಾತ್ರ ತಾಳುತ್ತವೆ, ಹೆಚ್ಚು ಹಾಕಿದರೆ ಫಿಲ್ಟರ್ ಕಟ್ಟಿಕೊಂಡು ಡಿಎನ್‌ಎ ಹೆಚ್ಚುವುದರ ಬದಲು ಕಡಿಮೆಯಾಗುತ್ತದೆ. ಎಥನಾಲ್ ಶೇ 95 ಅಥವಾ ಅದಕ್ಕಿಂತ ಹೆಚ್ಚಿನದಿರಬೇಕು, ಅಂಗಾಂಶದ ಗಾತ್ರದ ಐದರಿಂದ ಹತ್ತು ಪಟ್ಟು ಇರಬೇಕು. ಮಾಂಸದೊಳಗಿನ ನೀರು ಎಥನಾಲನ್ನು ತೆಳುವಾಗಿಸುವುದರಿಂದ ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಬೇಕು. ಬೇರೆ ರಾಸಾಯನಿಕ ಬೆರೆಸಿದ ಅಗ್ಗದ ಸ್ಪಿರಿಟ್ ಬಳಸಬಾರದು. ಫಾರ್ಮಲಿನ್ ಅಂತೂ ಡಿಎನ್‌ಎಯನ್ನು ಪ್ರೋಟೀನಿಗೆ ಬೆಸೆದುಬಿಡುತ್ತದೆ. ಎಲೆಗಳಿಗೆ ಎಥನಾಲ್‌ಗಿಂತ ಸಿಲಿಕಾ ಜೆಲ್ ಒಳ್ಳೆಯದು: ಎಲೆಯ ತೂಕದ ಹತ್ತು ಪಟ್ಟು ಹಾಕಿ, ಒಂದು ದಿನದೊಳಗೆ ಎಲೆ ಪಟಕ್ಕನೆ ಮುರಿಯುವಷ್ಟು ಒಣಗಬೇಕು. ಬಾಗಿದರೆ ಸಿಲಿಕಾ ಸಾಲದು ಎಂದರ್ಥ.

ಇನ್ನು ಚೀಟಿ. ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಒಂದು ಹನಿ ಎಥನಾಲ್ ಸೋರಿದರೆ ಅಳಿಸಿಹೋಗುತ್ತದೆ. ಐವತ್ತು ಟ್ಯೂಬಿನ ಪೆಟ್ಟಿಗೆಯಲ್ಲಿ ಒಂದು ಮುಚ್ಚಳ ಸಡಿಲವಾಗಿದ್ದರೆ ಸುತ್ತಲಿನ ಎಂಟು ಟ್ಯೂಬುಗಳ ಹೆಸರು ಮಾಯ. ಸಣ್ಣ ಕಾಗದದ ಚೂರಿನ ಮೇಲೆ ಸೀಸದ ಕಡ್ಡಿಯಲ್ಲಿ ಸಂಖ್ಯೆ ಬರೆದು ಟ್ಯೂಬಿನೊಳಗೇ ಹಾಕಿದರೆ ಇಪ್ಪತ್ತು ವರ್ಷ ಕಳೆದರೂ ಓದಬಹುದು. ಸೇರಬೇಕೆಂದಿರುವ ಲ್ಯಾಬ್‌ಗೆ ಭೇಟಿ ಕೊಡುವ ಅವಕಾಶ ಸಿಕ್ಕರೆ ಫ್ರೀಜರ್ ತೆರೆದು ತೋರಿಸುವಂತೆ ಕೇಳಿ. ಟ್ಯೂಬಿನ ಒಳಗೆ ಚೀಟಿ, ಪೆಟ್ಟಿಗೆಯ ಮೇಲೆ ನಕ್ಷೆ, ಕಂಪ್ಯೂಟರ್‌ನಲ್ಲಿ ಅದೇ ಸಂಖ್ಯೆಯ ಪಟ್ಟಿ, ಅದರಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ ಮತ್ತು ದಿನಾಂಕ ಇದ್ದರೆ, ಆ ಗುಂಪಿನಲ್ಲಿ ಉಳಿದದ್ದೂ ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ.

ಒಂದು ಎಚ್ಚರಿಕೆ: ಉದ್ದುದ್ದ ತುಣುಕು ಓದುವ ಹೊಸ ವಿಧಾನದಲ್ಲಿ ಹೊಸ ಜೀನೋಮ್ ಜೋಡಿಸುವ ಯೋಜನೆಗೆ ಎಥನಾಲ್‌ನಲ್ಲಿ ವರ್ಷಗಟ್ಟಲೆ ಇಟ್ಟ ಸ್ಯಾಂಪಲ್ ಹೆಚ್ಚಾಗಿ ಕೆಲಸಕ್ಕೆ ಬಾರದು, ಡಿಎನ್‌ಎ ಆಗಲೇ ತುಂಡಾಗಿರುತ್ತದೆ. ಅದಕ್ಕೆ ಸೆರೆಹಿಡಿದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ಅಂಗಾಂಶ ಬೇಕು. ‘ಇನ್ನೂರು ಸ್ಯಾಂಪಲ್ ಇದೆ’ ಎಂಬ ಉತ್ತರ ಬಂದಾಗ ‘ಯಾವುದರಲ್ಲಿ ಇಟ್ಟಿದ್ದೀರಿ’ ಎಂದು ಮರುಪ್ರಶ್ನೆ ಹಾಕಬೇಕಾದದ್ದು ಇದಕ್ಕೇ.

ಅನುಮತಿಯ ವಿಷಯದಲ್ಲಿ ಉದಾಸೀನ ಸಲ್ಲದು. 2010ರಲ್ಲಿ ಅಂಗೀಕಾರವಾಗಿ 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ, ಒಂದು ದೇಶದ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಬಳಸಲು ಆ ದೇಶ ಕೇಳಿದರೆ ಪೂರ್ವಸಮ್ಮತಿ ಪಡೆಯಬೇಕು, ಲಾಭ ಹಂಚಿಕೆಯ ಷರತ್ತುಗಳಿಗೆ ಒಪ್ಪಬೇಕು. ಅಳಿವಿನಂಚಿನ ಪ್ರಭೇದವಾದರೆ, ಅಂಥ ಜೀವಿಗಳ ಅಂತರರಾಷ್ಟ್ರೀಯ ಸಾಗಾಟವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿ ನೋಡಬೇಕು. ಗಡಿ ದಾಟುವುದು ಒಂದು ಗರಿ ಅಥವಾ ಒಂದು ಹನಿ ರಕ್ತವಾದರೂ ಅದಕ್ಕೆ ಅನುಮತಿ ಪತ್ರ ಬೇಕು. ಇವೆಲ್ಲ ಕೈಸೇರಲು ಎಷ್ಟೋ ತಿಂಗಳು ಹಿಡಿಯುತ್ತವೆ. ‘ಅರ್ಜಿ ಹಾಕಿದ್ದೇವೆ’ ಮತ್ತು ‘ಅನುಮತಿ ಬಂದಿದೆ’ ಎಂಬ ಎರಡು ಮಾತಿನ ನಡುವೆ ಒಂದು ಇಡೀ ವರ್ಷ ಅಡಗಿರಬಹುದು. ಪತ್ರ ಇಲ್ಲದೆ ತಂದ ಸ್ಯಾಂಪಲ್‌ನ ಫಲಿತಾಂಶವನ್ನು ಒಳ್ಳೆಯ ಪತ್ರಿಕೆಗಳು ಸ್ವೀಕರಿಸುವುದೂ ಕಷ್ಟ. ಸ್ಯಾಂಪಲ್ ಬಂದ ನೆಲದ ಸಂಶೋಧಕರು ಯೋಜನೆಯಲ್ಲಿ ನಿಜವಾದ ಪಾಲುದಾರರೇ, ಇಲ್ಲಾ ಪೆಟ್ಟಿಗೆ ಕಳಿಸಿಕೊಡುವವರು ಮಾತ್ರವೇ ಎಂಬುದನ್ನೂ ಗಮನಿಸಬೇಕು. ಎರಡನೆಯದಾದರೆ ಅದು ನ್ಯಾಯವಲ್ಲ, ಯೋಜನೆಗೆ ಬಾಳಿಕೆಯೂ ಇಲ್ಲ.

ಲ್ಯಾಬ್‌ನೊಳಗಿನ ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ಜೋಡಣೆಯದು. 96 ಗುಳಿಗಳ ತಟ್ಟೆಯೊಂದರಲ್ಲಿ ಉತ್ತರದ ಸ್ಯಾಂಪಲ್ ಎಲ್ಲ, ಇನ್ನೊಂದರಲ್ಲಿ ದಕ್ಷಿಣದ್ದೆಲ್ಲ ಹಾಕಿದರೆ, ಕೊನೆಗೆ ಕಾಣುವ ವ್ಯತ್ಯಾಸ ಉತ್ತರ ದಕ್ಷಿಣದ್ದೋ ಎರಡು ತಟ್ಟೆಗಳದ್ದೋ ಎಂದು ಯಾರೂ ಹೇಳಲಾರರು. ಎಲ್ಲ ಸ್ಥಳಗಳದ್ದನ್ನೂ ಕಲಸಿ ಚೀಟಿ ಎತ್ತಿದ ಹಾಗೆ ಹಂಚಬೇಕು, ಪ್ರತಿ ತಟ್ಟೆಯಲ್ಲಿ ಎರಡು ಮೂರು ಸ್ಯಾಂಪಲ್‌ಗಳನ್ನು ಎರಡೆರಡು ಸಲ ಹಾಕಬೇಕು, ಕಲಬೆರಕೆ ಹಿಡಿಯಲು ಬರೀ ನೀರಿನ ಒಂದು ಗುಳಿ ಇರಬೇಕು. ಯಂತ್ರ ಬದಲಾದಾಗ ಬರುವ ಮೋಸ ಇನ್ನೂ ಸೂಕ್ಷ್ಮ. ಡಿಎನ್‌ಎ ಓದುವ ಇಲ್ಯುಮಿನಾ ಕಂಪನಿಯ ಈಚಿನ ಕೆಲವು ಯಂತ್ರಗಳು ಎರಡೇ ಬಣ್ಣಗಳಿಂದ ಡಿಎನ್‌ಎಯ ನಾಲ್ಕು ಅಕ್ಷರಗಳನ್ನು (ಎ, ಸಿ, ಜಿ, ಟಿ) ಗುರುತಿಸುತ್ತವೆ. ಬೆಳಕು ಬಾರದಿದ್ದರೆ ಅದನ್ನು ಜಿ ಎಂದು ಓದುತ್ತವೆ. ಡಿಎನ್‌ಎ ತುಣುಕು ಚಿಕ್ಕದಿದ್ದು ಬೇಗ ಮುಗಿದರೆ ಸಾಲಿನ ಕೊನೆಯಲ್ಲಿ ಬರೀ ಜಿ ಜಿ ಜಿ ಎಂದು ಬರುತ್ತದೆ. ಹಳೆಯ ನಾಲ್ಕು ಬಣ್ಣದ ಯಂತ್ರದಲ್ಲಿ ಹೀಗಾಗುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಓದಿಸಿದ ಸ್ಯಾಂಪಲ್‌ಗಳನ್ನು ಈಗ ಓದಿಸಿದವುಗಳ ಜೊತೆ ಹೋಲಿಸಿ ‘ಹತ್ತು ವರ್ಷದಲ್ಲಿ ವಿಕಾಸವಾಗಿದೆ’ ಎಂದು ಬರೆಯುವ ಮೊದಲು ಈ ಬಾಲಗಳನ್ನು ಕತ್ತರಿಸಲಾಗಿದೆಯೇ ಎಂದು ನೋಡಬೇಕು.

ನೀರಿನಿಂದ ಡಿಎನ್‌ಎ ಸೋಸುವ ಕೆಲಸದಲ್ಲಿ, ವಸ್ತುಸಂಗ್ರಹಾಲಯದ ಹಳೆಯ ಚರ್ಮಗಳ ಕೆಲಸದಲ್ಲಿ ಕಲಬೆರಕೆಯೇ ಪ್ರಧಾನ ಶತ್ರು. ಹಳೆಯ ಡಿಎನ್‌ಎ ತುಣುಕುಗಳು ಹೆಚ್ಚಾಗಿ ನೂರು ಅಕ್ಷರಕ್ಕಿಂತ ಚಿಕ್ಕವು, ತುದಿಗಳಲ್ಲಿ ಸಿ ಇದ್ದದ್ದು ಟಿ ಎಂದು ಕಾಣುವ ಹಾನಿ ಆಗಿರುತ್ತದೆ. ಪಿಸಿಆರ್ ನಡೆಯುವ ಕೋಣೆಯಿಂದ ಸ್ವಚ್ಛ ಕೋಣೆಗೆ ಅದೇ ದಿನ ಮರಳಿ ಹೋಗಬಾರದು ಎಂಬ ನಿಯಮ ಅಲ್ಲಿ ಪಾಲನೆಯಾಗುತ್ತಿದೆಯೇ ಎಂದು ಕೇಳಿದರೆ ಸಾಕು, ಆ ಲ್ಯಾಬ್‌ನ ಶಿಸ್ತು ತಿಳಿಯುತ್ತದೆ.

ಕಂಪ್ಯೂಟರ್ ಕೆಲಸ ಈಗ ಅರ್ಧ ಪಿಎಚ್‌ಡಿ. ಮನುಷ್ಯನಷ್ಟು, ಅಂದರೆ ಸುಮಾರು 300 ಕೋಟಿ ಅಕ್ಷರಗಳ ಜೀನೋಮ್ ಇರುವ ನೂರು ಜೀವಿಗಳನ್ನು ಹತ್ತು ಪಟ್ಟು ಆಳದಲ್ಲಿ, ಅಂದರೆ ಪ್ರತಿ ಅಕ್ಷರವನ್ನು ಸರಾಸರಿ ಹತ್ತು ಸಲ ಓದಿಸಿದರೆ ಬರುವುದು 3 ಲಕ್ಷ ಕೋಟಿ ಅಕ್ಷರ. ನಡುವಿನ ಹಂತಗಳ ಕಡತಗಳನ್ನೂ ಸೇರಿಸಿದರೆ ಹಲವು ಟೆರಾಬೈಟ್ ಜಾಗ ಬೇಕು, ದೊಡ್ಡ ಸರ್ವರ್ ಬೇಕು. ಸೀಕ್ವೆನ್ಸಿಂಗ್‌ಗೆ ಹಣ ತೆಗೆದಿಟ್ಟು ಶೇಖರಣೆಗೆ ತೆಗೆದಿಡದ ಯೋಜನೆಗಳು ಕಡಿಮೆಯೇನಿಲ್ಲ. ಜೀವಿಯ ಆಯ್ಕೆಯೂ ಇಲ್ಲೇ ಬರುತ್ತದೆ: ಆಕ್ಸಲಾಟಲ್ ಸಾಲಮಾಂಡರ್‌ನ ಜೀನೋಮ್ ಸುಮಾರು 3,200 ಕೋಟಿ ಅಕ್ಷರದ್ದು, ಮನುಷ್ಯನದ್ದರ ಹತ್ತು ಪಟ್ಟು. ಅಂಥ ಜೀವಿಯಲ್ಲಿ ನೂರರ ಇಡೀ ಜೀನೋಮ್ ಓದಿಸುತ್ತೇವೆ ಎಂದು ಪ್ರಕಟಣೆಯಲ್ಲಿದ್ದರೆ ಹಣ ಎಲ್ಲಿಂದ ಎಂದು ಕೇಳಲೇಬೇಕು.

ಒಂದು ಬಾಗಿಲು ಮಾತ್ರ ಯಾವಾಗಲೂ ಕಡೆಗಣನೆಗೆ ಗುರಿಯಾಗುತ್ತಿದೆ: ಸಿದ್ಧಾಂತದ್ದು. ಜನಸಂಖ್ಯಾ ತಳಿಶಾಸ್ತ್ರದ ತಳಪಾಯ ಹಾಕಿದ ಫಿಶರ್, ರೈಟ್, ಹಾಲ್ಡೇನ್ ದೊಡ್ಡ ಕೆಲಸ ಮಾಡಿದ್ದು ಗಣಿತದಲ್ಲಿ. ಇಂದಿನ ವಿಶ್ಲೇಷಣೆಗಳ ಬೆನ್ನೆಲುಬಾದ, ಜೀನ್‌ಗಳ ವಂಶಾವಳಿಯನ್ನು ಹಿಂದಕ್ಕೆ ಸಮಾನ ಪೂರ್ವಜನವರೆಗೆ ಲೆಕ್ಕ ಹಾಕುವ ಕೋಯಲೆಸೆಂಟ್ ಸಿದ್ಧಾಂತವನ್ನು 1982ರಲ್ಲಿ ಕೊಟ್ಟ ಜಾನ್ ಕಿಂಗ್‌ಮನ್ ಗಣಿತಜ್ಞರು. ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರಿಗೆ ಇಲ್ಲಿ ಲ್ಯಾಬ್ ಬೇಡ, ಅನುಮತಿ ಬೇಡ, ಋತುವಿನ ಹಂಗಿಲ್ಲ. ಜೀವಶಾಸ್ತ್ರ ಓದಿಲ್ಲವೆಂದು ಅವರು ಹಿಂಜರಿಯುವುದು ಈ ಕ್ಷೇತ್ರಕ್ಕೇ ನಷ್ಟ.

ಅರ್ಜಿಯ ತಯಾರಿಗೆ ನಾವು ಸೂಚಿಸುವುದು ಒಂದೇ ಅಭ್ಯಾಸ. ಪ್ರಕಟವಾದ ಒಂದು ಪ್ರಬಂಧ ಆರಿಸಿ, ಅದರ ಡೇಟಾ ಡ್ರೈಯಾಡ್, ಎಸ್‌ಆರ್‌ಎಯಂಥ ಅಂತರಜಾಲದ ಡೇಟಾ ಭಂಡಾರಗಳಲ್ಲಿ ಬಹಳಷ್ಟು ಸಲ ಉಚಿತವಾಗಿ ಸಿಗುತ್ತದೆ, ಅದರ ಒಂದೇ ಒಂದು ಚಿತ್ರವನ್ನು ನೀವೇ ಮರುಸೃಷ್ಟಿಸಿ. ಮೊದಲು ಗುಣಮಟ್ಟ ನೋಡಿ, ಕಸ ಕತ್ತರಿಸಿ, ಬಿಡಬ್ಲ್ಯುಎ ಎಂಬ ತಂತ್ರಾಂಶದಿಂದ ಜೀನೋಮಿಗೆ ಹೊಂದಿಸಿ, ಸ್ಯಾಮ್‌ಟೂಲ್ಸ್ ಮತ್ತು ಬಿಸಿಎಫ್‌ಟೂಲ್ಸ್ ತಂತ್ರಾಂಶಗಳಿಂದ ವ್ಯತ್ಯಾಸಗಳನ್ನು ಹೊರತೆಗೆದು, ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರಧಾನಾಂಶ ವಿಶ್ಲೇಷಣೆಯ ಚಿತ್ರ ಬಿಡಿಸಿ; ಇದರಲ್ಲಿ ಒಂದೊಂದು ಚುಕ್ಕೆ ಒಂದೊಂದು ಜೀವಿ, ಆನುವಂಶಿಕವಾಗಿ ಹೋಲುವವು ಹತ್ತಿರ ಹತ್ತಿರ ಕಾಣುತ್ತವೆ. ಸಾಮಾನ್ಯ ಲ್ಯಾಪ್‌ಟಾಪ್ ಇದ್ದರೆ ಕಚ್ಚಾ ಡೇಟಾ ಬಿಟ್ಟು ವ್ಯತ್ಯಾಸಗಳ ಪಟ್ಟಿಯಿಂದಲೇ ಶುರುಮಾಡಿ. ಚಿತ್ರದಲ್ಲಿ ಚುಕ್ಕೆಗಳು ಗುಂಪಾಗಿ ಕಂಡ ಕೂಡಲೇ ಭೂಗೋಳ ಎನ್ನಬೇಡಿ. ಆ ಗುಂಪು ಡೇಟಾ ಕೊರತೆಯಿರುವ ಸ್ಯಾಂಪಲ್‌ಗಳದ್ದಾಗಿರಬಹುದು, ಒಡಹುಟ್ಟಿದವುಗಳದ್ದಾಗಿರಬಹುದು. ಚುಕ್ಕೆಗಳು ಸ್ಪಷ್ಟವಾಗಿ ಮೂರು ಗುಂಪಾಗಿ, ನಡುವಿನದು ಸರಿಯಾಗಿ ಮಧ್ಯದಲ್ಲಿ ನಿಂತಿದ್ದರೆ ಕ್ರೋಮೋಸೋಮಿನ ಒಂದು ಭಾಗ ತಿರುವುಮುರುವಾಗಿರುವ ಸಾಧ್ಯತೆ ಹೆಚ್ಚು: ಎರಡು ಕಡೆಯ ಗುಂಪುಗಳಲ್ಲಿ ಕ್ರೋಮೋಸೋಮಿನ ಎರಡೂ ಪ್ರತಿ ಒಂದೇ ಬಗೆ, ನಡುವಿನದರಲ್ಲಿ ಬಗೆಗೊಂದು. ಇಷ್ಟನ್ನು ಮಾಡಿ, ಎಲ್ಲಿ ಹೊಂದಲಿಲ್ಲ, ಏಕೆ ಎಂದು ಅರ್ಧ ಪುಟ ಬರೆದರೆ, ಹತ್ತು ಪ್ರಮಾಣಪತ್ರಗಳಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಮಾರ್ಗದರ್ಶಕರಿಗೆ ಬರೆಯುವ ಪತ್ರ ಇನ್ನೂರು ಪದ ದಾಟುವುದು ಬೇಡ. ‘ನಿಮ್ಮ ಸಂಶೋಧನೆ ಬಹಳ ಇಷ್ಟವಾಯಿತು’ ಎಂಬ ಸಾಲನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆಯಿಂದ ಶುರುಮಾಡಿ. ಮೇಲೆ ಹೇಳಿದ ಅಭ್ಯಾಸದ ಕೊಂಡಿ ಕೊಡಿ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಕೊಡುಗೆ ಬಂದ ಮೇಲೆ ಆ ಗುಂಪಿನ ಈಗಿನ ವಿದ್ಯಾರ್ಥಿಗಳ ಜೊತೆ, ಮುಗಿಸಿ ಹೊರಬಂದ ಒಬ್ಬರ ಜೊತೆ, ಸಾಧ್ಯವಾದರೆ ಅರ್ಧಕ್ಕೇ ಬಿಟ್ಟ ಒಬ್ಬರ ಜೊತೆ ಮಾತಾಡಿ. ಹೇಳಲು ಹೆಚ್ಚಿನವರು ಸಿದ್ಧರಿರುತ್ತಾರೆ, ಕೇಳುವವರು ಕಡಿಮೆ. ಮಾರ್ಗದರ್ಶಕರು ವಾರಕ್ಕೊಮ್ಮೆ ಸಿಗುತ್ತಾರೆಯೇ, ಮೊದಲ ಲೇಖಕರ ಹೆಸರು ಯಾರದೆಂಬುದು ಯಾವಾಗ ತೀರ್ಮಾನವಾಗುತ್ತದೆ, ಅವಧಿ ಮುಗಿದ ಮೇಲೆ ಆರು ತಿಂಗಳು ಬೇಕಾದರೆ ಹಣ ಯಾರು ಕೊಡುತ್ತಾರೆ ಎಂಬ ಮೂರಕ್ಕೆ ನೇರ ಉತ್ತರ ಪಡೆಯದೆ ಒಪ್ಪಿಗೆ ಕೊಡಬೇಡಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂಥ ಅವಕಾಶಗಳನ್ನು ಪ್ರಕಟಿಸುವಾಗ ಸಂಸ್ಥೆಯನ್ನು ವಿಚಾರಿಸಿ ನಾಲ್ಕು ಸಾಲು ಹೆಚ್ಚು ಸೇರಿಸಿ: ಸ್ಯಾಂಪಲ್ ಅಥವಾ ಡೇಟಾ ಈಗಾಗಲೇ ಇದೆಯೇ, ಅನುಮತಿ ಬಂದಿದೆಯೇ, ಹಣ ಎಷ್ಟು ತಿಂಗಳಿಗೆ ಮಂಜೂರಾಗಿದೆ, ಕ್ಷೇತ್ರಕಾರ್ಯಕ್ಕೆ ನಿಜವಾಗಿ ಎಷ್ಟು ಋತು ಸಿಗುತ್ತದೆ. ಉತ್ತರ ಬಾರದ ಕಡೆ ‘ಸಂಸ್ಥೆ ತಿಳಿಸಿಲ್ಲ’ ಎಂದೇ ಅಚ್ಚು ಹಾಕಿ. ಡಿಸೆಂಬರ್ ಗಡುವಿನ ಅರ್ಜಿಗಳಿಗೆ ಪತ್ರವ್ಯವಹಾರ ಸೆಪ್ಟೆಂಬರ್‌ನಲ್ಲೇ ಶುರುವಾಗುವುದರಿಂದ, ಈ ಸಾಲುಗಳಿರುವ ಮೊದಲ ಪಟ್ಟಿ ಆಗಸ್ಟ್ ಕೊನೆಯೊಳಗೆ ಬಂದರೆ ವಿದ್ಯಾರ್ಥಿಗಳಿಗೆ ವಿಚಾರಿಸಲು ಸಮಯ ಉಳಿಯುತ್ತದೆ.

ಇಂತಿ,
ಜೀವವಿಕಾಸ ಮತ್ತು ಆಣ್ವಿಕ ಪರಿಸರ ವಿಜ್ಞಾನ ಬೋಧಿಸುವ ಅಧ್ಯಾಪಕರು